ಹಾಲ್ ತುಂಬ ದನಿ ಇದೆ, ಮಾತು ಮಾತ್ರ ಹಿಂದಿನ ಸಾಲಿಗೆ ತಲುಪುತ್ತಿಲ್ಲ. ಏನು ಮಾಡೋಣ?

ಕನ್ನಡ_ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ನಮ್ಮ ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಒಂದು ಹಾಲ್ ಕಟ್ಟಿಸಿಕೊಟ್ಟಿದ್ದಾರೆ. 60 ಅಡಿ ಉದ್ದ, 30 ಅಡಿ ಅಗಲ, 15 ಅಡಿ ಎತ್ತರ. ಆರ್‌ಸಿಸಿ ತಾರಸಿ, ಸಿಮೆಂಟ್ ಗಿಲಾವು, ನೆಲಕ್ಕೆ ಹೊಳೆಯುವ ಟೈಲ್ಸ್. ಎರಡೂ ಕಡೆ ನಾಲ್ಕು ನಾಲ್ಕು ಕಿಟಕಿ, ಒಂದೊಂದೂ 4 ಅಡಿ ಎತ್ತರ, 4 ಅಡಿ ಅಗಲ. ನೋಡಲು ತುಂಬ ಚೆಂದ ಇದೆ.

ತೊಂದರೆ ಏನೆಂದರೆ, ಅಲ್ಲಿ ಮಾತಾಡಿದರೆ ಹಿಂದೆ ಕೂತವರಿಗೆ ಅರ್ಥ ಆಗುವುದಿಲ್ಲ. ಕೇಳುವುದಿಲ್ಲ ಅಂತಲ್ಲ. ಸದ್ದು ಜೋರಾಗೇ ಕೇಳುತ್ತದೆ. ಏನು ಹೇಳಿದರು ಅನ್ನುವುದೇ ಗೊತ್ತಾಗುವುದಿಲ್ಲ. ಮೊದಲು 100 ವ್ಯಾಟ್ ಆಂಪ್ಲಿಫಯರ್ ಇತ್ತು. ಅಂಗಡಿಯವರು ಪವರ್ ಸಾಲದು ಅಂದರು. 250 ವ್ಯಾಟ್‌ದು ತಂದು ವೇದಿಕೆಯ ಎರಡೂ ಬದಿಗೆ ದೊಡ್ಡ ಬಾಕ್ಸ್ ಇಟ್ಟೆವು. ಇನ್ನೂ ಕೆಟ್ಟಿತು.

ನನ್ನ ಅನುಮಾನ ಖಚಿತ ಮಾಡಿಕೊಳ್ಳಲು ಎಂಟನೇ ಕ್ಲಾಸಿನ 40 ಮಕ್ಕಳನ್ನು ಹಾಲ್‌ನ ಹಿಂಭಾಗದಲ್ಲಿ ಕೂರಿಸಿ, ವೇದಿಕೆಯಿಂದ ಮೈಕ್‌ನಲ್ಲಿ ಉಕ್ತಲೇಖನ ಕೊಟ್ಟೆ. 20 ಪದ, ಎಲ್ಲಾ ಎರಡಕ್ಷರದವು. ಮಳೆ, ಬಳೆ, ಕಳೆ, ಹಳೆ. ಸಾಲು, ಹಾಲು, ಪಾಲು, ಕಾಲು. ಹೀಗೆ ಒಂದೊಂದೇ ಅಕ್ಷರ ಬದಲಾಗುವ ಪದಗಳು. ಕ್ಲಾಸ್‌ರೂಮಿನಲ್ಲಿ ಇದೇ ಮಕ್ಕಳು 20ಕ್ಕೆ 19 ಸರಿ ಬರೆಯುತ್ತಾರೆ. ಹಾಲ್‌ನಲ್ಲಿ ಸರಾಸರಿ 9. ಪುಸ್ತಕ ತಿದ್ದುತ್ತಾ ಒಂದು ವಿಷಯ ಕಣ್ಣಿಗೆ ಬಿತ್ತು. 'ಳೆ' ಯಾರಿಗೂ ತಪ್ಪಿಲ್ಲ, 'ಲು' ಯಾರಿಗೂ ತಪ್ಪಿಲ್ಲ. ಮೊದಲಕ್ಷರವೇ ಮಾಯ. 'ಮಳೆ' ಅಂದರೆ ಹನ್ನೊಂದು ಜನ 'ಬಳೆ' ಬರೆದಿದ್ದಾರೆ. 'ಸಾಲು' ಅಂದಿದ್ದಕ್ಕೆ 'ಹಾಲು', 'ಕಾಲು', 'ಆಲು' ಎಲ್ಲಾ ಇದೆ.

ಇದು ಯಾಕೆ ಹೀಗೆ? ಸರಿ ಮಾಡಲು ಆಗುತ್ತದಾ? ಕೈಯಲ್ಲಿ ದುಡ್ಡು ಹೆಚ್ಚಿಲ್ಲ. ನಾನು ವಿಜ್ಞಾನದವಳಲ್ಲ. ಎಕೋ, ಡೆಸಿಬಲ್ ಅಂತೆಲ್ಲ ಹೇಳುವವರು ದಯವಿಟ್ಟು ಬಿಡಿಸಿ ಹೇಳಿ.

ರಾಗು_ಬೆಂಗಳೂರು

ಮೇಡಂ, ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿಬಿಡಿ. ನನ್ನ ಫ್ರೆಂಡ್ ರೂಮಲ್ಲಿ ರೆಕಾರ್ಡಿಂಗ್‌ಗೆ ಹಾಗೇ ಮಾಡಿಕೊಂಡಿದ್ದಾನೆ. ಖರ್ಚೇ ಇಲ್ಲ. ಜತೆಗೆ ಹಿಂದೆ ಇನ್ನೆರಡು ಸ್ಪೀಕರ್ ಹಾಕಿ, ಎಲ್ಲರಿಗೂ ಕೇಳುತ್ತದೆ.

ಮೈಕ್‌ಸೆಟ್_ಶಿರಸಿ

ಟೀಚರ್, ನಮಸ್ಕಾರ. ಮೂವತ್ತು ವರ್ಷದಿಂದ ಮೈಕ್ ಸೆಟ್ ಇಟ್ಟುಕೊಂಡಿದ್ದೇನೆ. ಮದುವೆ, ಯಕ್ಷಗಾನದ ಆಟ, ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ), ಶಾಲೆಯ ಗ್ಯಾದರಿಂಗ್ ಎಲ್ಲಾ ಮಾಡಿದ್ದೇನೆ. ನಿಮ್ಮ ಉಕ್ತಲೇಖನದ ಲೆಕ್ಕ ಓದಿ ತುಂಬ ಖುಷಿ ಆಯಿತು. ಇಷ್ಟು ವರ್ಷದಲ್ಲಿ ಯಾರೂ ನನಗೆ ಹೀಗೆ ಕಾಯಿಲೆಯನ್ನು ಸರಿಯಾಗಿ ಹೇಳಿದ್ದಿಲ್ಲ. ಎಲ್ಲರೂ "ಸೌಂಡ್ ಸಾಲದು" ಅಂತಲೇ ಹೇಳುವುದು.

ಮೊದಲು ನಿಮ್ಮ ಆಂಪ್ಲಿಫಯರ್ ವಿಷಯ ಹೇಳುತ್ತೇನೆ. 100 ವ್ಯಾಟ್ ಇದ್ದದ್ದು 250 ಆಯಿತು. ಎರಡೂವರೆ ಪಟ್ಟು. ಕಿವಿಗೆ ಎರಡೂವರೆ ಪಟ್ಟು ಜೋರು ಕೇಳುತ್ತದೆ ಅಂದುಕೊಳ್ಳುತ್ತೇವೆ. ಹಾಗಲ್ಲ. ನಮ್ಮ ಕಿವಿ ಲೆಕ್ಕ ಹಾಕುವುದೇ ಬೇರೆ ಥರ. ಸದ್ದಿನ ಜೋರನ್ನು ಅಳೆಯುವುದು ಡೆಸಿಬಲ್‌ನಲ್ಲಿ. ಪವರ್ ಎರಡು ಪಟ್ಟಾದರೆ 3 ಡೆಸಿಬಲ್ ಏರುತ್ತದೆ, ಹತ್ತು ಪಟ್ಟಾದರೆ 10 ಡೆಸಿಬಲ್. ಕಿವಿಗೆ 'ಎರಡರಷ್ಟು ಜೋರಾಯಿತು' ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು. ನಿಮಗೆ ಸಿಕ್ಕಿದ್ದು ಬರೀ 4. ದುಡ್ಡು ಕೊಟ್ಟು ತಂದದ್ದು ಅಷ್ಟೇ.

ಇನ್ನೊಂದು ಮಾತು. ಆ 4 ಡೆಸಿಬಲ್ ನಿಮ್ಮ ಮಾತಿಗೂ ಸಿಕ್ಕಿತು, ಗೋಡೆಯಿಂದ ವಾಪಸ್ ಬರುವ ಗದ್ದಲಕ್ಕೂ ಅಷ್ಟೇ ಸಿಕ್ಕಿತು. ಇಬ್ಬರನ್ನೂ ಒಂದೇ ಮೆಟ್ಟಿಲು ಹತ್ತಿಸಿದ ಹಾಗೆ. ಇವರ ನಡುವಿನ ಅಂತರ ಒಂದು ಕೂದಲೂ ಬದಲಾಗಲಿಲ್ಲ.

ನಿಮ್ಮ ಹಾಲ್‌ನಲ್ಲಿ ಆಗುತ್ತಿರುವುದು ಏನು ಅಂದರೆ, ದನಿಗೆ ಬಾಲ ಬೆಳೆದಿದೆ. ನೀವು ಒಂದು ಅಕ್ಷರ ಹೇಳಿ ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. ಸಿಮೆಂಟಿಗೆ, ಟೈಲ್ಸ್‌ಗೆ, ತಾರಸಿಗೆ ಬಡಿದು ಬಡಿದು ಓಡಾಡುತ್ತಾ ಇರುತ್ತದೆ. ಇದಕ್ಕೆ ರಿವರ್ಬರೇಷನ್ ಅನ್ನುತ್ತಾರೆ, ನಾವು ಮೈಕಿನವರು ರಿವರ್ಬ್ ಅನ್ನುತ್ತೇವೆ. ಹಿಂದಿನ ಅಕ್ಷರ ಸಾಯುವ ಮೊದಲೇ ಮುಂದಿನ ಅಕ್ಷರ ಹುಟ್ಟುತ್ತದೆ. ಇನ್ನು, ಅಕ್ಷರದೊಳಗೆ ಬಲ ಇರುವುದು ಸ್ವರಕ್ಕೆ. 'ಆ', 'ಎ', 'ಉ' ದಪ್ಪಗೆ, ಉದ್ದಕ್ಕೆ ಬರುತ್ತವೆ. 'ಸ', 'ಕ', 'ತ' ಅನ್ನುವಾಗ ಬರುವ ಆ ಸಣ್ಣ ಉಸಿರು, ಆ ಒಂದು ತಟ್ಟು, ಅದು ಬಹಳ ಸೂಕ್ಷ್ಮ. 2000 ಹರ್ಟ್ಸ್‌ಗಿಂತ ಮೇಲಿನ, ಅಂದರೆ ಗಾಳಿ ಸೆಕೆಂಡಿಗೆ 2000 ಸಲಕ್ಕಿಂತ ಹೆಚ್ಚು ಅಲುಗುವ ತೆಳುವಾದ ಸದ್ದು, ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಹಿಂದಿನ ಸ್ವರದ ಬಾಲ ಅದರ ಮೇಲೆ ಬಿದ್ದರೆ ಮುಗಿಯಿತು. ಕೊನೆಗೆ ಕಿವಿಗೆ ಸಿಗುವುದು ಸ್ವರಗಳ ಸಾಲು ಮಾತ್ರ. ಅದಕ್ಕೇ 'ಸಾಲು' ಹೋಗಿ 'ಆಲು' ಆದದ್ದು.

ಒಂದು ಕೇಳಬೇಕು. ಉಕ್ತಲೇಖನ ಕೊಡುವಾಗ ಪದದ ಮುಂದೆ ಏನಾದರೂ ಹೇಳುತ್ತೀರಾ? "ಮುಂದಿನ ಪದ" ಅಂತಲೋ, ನಂಬರ್ ಅಂತಲೋ? ಹೇಳುವುದಾದರೆ ಮೊದಲಕ್ಷರವೇ ಯಾಕೆ ಮಾಯ ಆಯಿತು ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಮ್ಮ ಕಡೆ ಹೆಂಚಿನ ಮನೆಯ ಜಗುಲಿಯಲ್ಲಿ ತಾಳಮದ್ದಳೆ ಮಾಡಿದರೆ ಮೈಕೇ ಬೇಡ. ಮೇಲೆ ಮರದ ಅಟ್ಟ, ಹೆಂಚಿನ ಸಂದು, ಒಂದು ಬದಿ ಪೂರ್ತಿ ಅಂಗಳಕ್ಕೆ ತೆರೆದಿರುತ್ತದೆ, ನೆಲಕ್ಕೆ ಕಂಬಳಿ ಹಾಸಿರುತ್ತಾರೆ. ದನಿ ಹೊರಗೆ ಹೋಗುತ್ತದೆ, ವಾಪಸ್ ಬರುವುದು ಕಡಿಮೆ. ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವರು, ಪಿಸುದನಿಯಲ್ಲಿ ಒಂದು ಮಾತು ಹೇಳಿದರೂ ತಲುಪುತ್ತದೆ. ಒಂದು ಸಲ ಅದೇ ಕೂಟವನ್ನು ಹೊಸ ಸಭಾಭವನಕ್ಕೆ ಒಯ್ದರು. ನಾನು ಆಗ ಹೊಸಬ. ಎರಡು ದೊಡ್ಡ ಬಾಕ್ಸ್ ಹಾಕಿದ್ದೆ. ಅರ್ಧ ಗಂಟೆ ಆದರೂ ಜನ ಗುಸುಗುಸು ಅನ್ನುತ್ತಲೇ ಇದ್ದರು, ಯಾರಿಗೂ ಒಂದು ಮಾತು ಹಿಡಿಯುತ್ತಿಲ್ಲ. ಕರ್ಣನ ಪಾತ್ರದ ಹಿರಿಯರು ಮಾತು ನಿಲ್ಲಿಸಿ, "ತಮ್ಮಾ, ಮೈಕ್ ಬಂದ್ ಮಾಡು" ಅಂದರು. ಕುರ್ಚಿ ಎತ್ತಿಕೊಂಡು ವೇದಿಕೆಯಿಂದ ಕೆಳಗೆ ಬಂದರು. ಜನರ ನಡುವೆಯೇ ಕೂತರು. ಎಲ್ಲರೂ ಕುರ್ಚಿ ಎಳೆದುಕೊಂಡು ಸುತ್ತ ಸೇರಿದರು. ಆಮೇಲೆ ಬೆಳಗಿನ ಜಾವದ ತನಕ ಒಬ್ಬರೂ ಏಳಲಿಲ್ಲ. ಅವತ್ತು ನನಗೆ ಗೊತ್ತಾಯಿತು, ದೂರ ಕಡಿಮೆ ಮಾಡಬೇಕೇ ಹೊರತು ಜೋರು ಮಾಡಬಾರದು ಅಂತ.

ಈಗ ದುಡ್ಡಿಲ್ಲದೆ ಮಾಡಬಹುದಾದದ್ದು ಹೇಳುತ್ತೇನೆ. ನಿಮ್ಮ ಮಿಕ್ಸರ್‌ನಲ್ಲಿ, ಅಂದರೆ ಮೈಕ್‌ನ ದನಿ ಹೊಂದಿಸುವ ಪೆಟ್ಟಿಗೆಯಲ್ಲಿ, 'ಎಕೋ' ಅಂತ ಒಂದು ತಿರುಗಣೆ ಇರುತ್ತದೆ. ಅದನ್ನು ಸೊನ್ನೆಗೆ ತನ್ನಿ. ಹಾಡಿಗೆ ಚೆಂದ ಅಂತ ತುಂಬ ಜನ ಅದನ್ನು ಏರಿಸಿಯೇ ಬಿಟ್ಟಿರುತ್ತಾರೆ. ನಿಮ್ಮ ಹಾಲ್ ಪುಕ್ಕಟೆಯಾಗಿ ಕೊಡುತ್ತಿರುವ ಎಕೋಗೆ ಇನ್ನೊಂದು ಸೇರಿಸಿದ ಹಾಗೆ ಆಗುತ್ತದೆ. ಬೇಸ್, ಅಂದರೆ ದಪ್ಪ ಸದ್ದಿನ ತಿರುಗಣೆ, ಇಳಿಸಿ. ಹೆಂಗಸರ, ಮಕ್ಕಳ ಮಾತಿಗೆ 150 ಹರ್ಟ್ಸ್ ಕೆಳಗಿನದು ಬೇಕೇ ಇಲ್ಲ, ಅದು ಬರೀ ಗುಂಯ್‌ಗುಡುತ್ತದೆ. ಬಾಕ್ಸ್‌ಗಳ ಮುಖ ಈಗ ಹಿಂದಿನ ಗೋಡೆ ಕಡೆ ಇರಬೇಕು ಅಲ್ವಾ? ಅವನ್ನು ತುಸು ಕೆಳಗೆ ಬಾಗಿಸಿ ಮಕ್ಕಳ ತಲೆ ಕಡೆ ತಿರುಗಿಸಿ. ದನಿ ಮೊದಲು ಹೋಗಿ ಬೀಳಬೇಕಾದದ್ದು ಅವರ ಮೇಲೆ, ಗೋಡೆ ಮೇಲಲ್ಲ. ಮುಂದೆ ದುಡ್ಡು ಬಂದಾಗ ಬಾಕ್ಸ್ ಬದಲು ಕಾಲಮ್ ಸ್ಪೀಕರ್ ತನ್ನಿ. ಉದ್ದಕ್ಕೆ ನಿಂತಿರುವ, ಒಳಗೆ ನಾಲ್ಕಾರು ಸಣ್ಣ ಸ್ಪೀಕರ್ ಸಾಲಾಗಿ ಇರುವ ಡಬ್ಬ. ಅದು ದನಿಯನ್ನು ಅಗಲಕ್ಕೆ ಹರಡುತ್ತದೆ, ಮೇಲೆ ಕೆಳಗೆ ಹೆಚ್ಚು ಚೆಲ್ಲುವುದಿಲ್ಲ. ತಾರಸಿಗೆ ಹೋಗುವುದು ಕಡಿಮೆ ಆಗುತ್ತದೆ.

ಮೈಕ್‌ನ ವಿಷಯ ಮರೆಯಬೇಡಿ. ಬಾಯಿಂದ ಒಂದು ಗೇಣು ದೂರ ಇದ್ದರೆ ಅರ್ಧ ಗೇಣಿಗೆ ತನ್ನಿ. ದೂರ ಅರ್ಧ ಆದರೆ ಮೈಕಿಗೆ ನಿಮ್ಮ ದನಿ 6 ಡೆಸಿಬಲ್ ಜಾಸ್ತಿ ಸಿಗುತ್ತದೆ, ಹಾಲ್‌ನ ಗದ್ದಲ ಇದ್ದಷ್ಟೇ ಇರುತ್ತದೆ. ನೀವು ಆಂಪ್ಲಿಫಯರ್ ಬದಲಿಸಿ ಪಡೆದದ್ದಕ್ಕಿಂತ ಇದೇ ದೊಡ್ಡದು. ಆಗ ವಾಲ್ಯೂಮ್ ಅಷ್ಟು ಇಳಿಸಬಹುದು, 'ಕೂಂಯ್' ಅಂತ ಕೂಗುವುದೂ ಕಡಿಮೆ ಆಗುತ್ತದೆ. ಆ ಕೂಗು ಬರುವುದು ಸ್ಪೀಕರ್‌ನ ಸದ್ದು ಮತ್ತೆ ಮೈಕಿಗೆ ಹೋಗಿ, ಮತ್ತೆ ಸ್ಪೀಕರ್‌ಗೆ ಬಂದು, ಸುತ್ತುತ್ತಾ ಬೆಳೆಯುವುದರಿಂದ.

ರಾಗು ಅವರೇ, ಮೊಟ್ಟೆ ಟ್ರೇ ಬೇಡ. ಅದು ತೆಳು ರಟ್ಟು. ತೆಳುವಾದ ಸದ್ದನ್ನು ಸ್ವಲ್ಪ ಮಾತ್ರ ಹೀರುತ್ತದೆ, ದಪ್ಪ ಸದ್ದಿಗೆ ಅದು ಇದ್ದೂ ಇಲ್ಲದ ಹಾಗೆ. ಮುಖ್ಯವಾಗಿ, ಬೆಂಕಿ ತಗುಲಿದರೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಮಕ್ಕಳು ಸೇರುವ ಜಾಗದ ಗೋಡೆ ತುಂಬ ಅದನ್ನು ಅಂಟಿಸಲು ನಾನು ಯಾವತ್ತೂ ಹೇಳುವುದಿಲ್ಲ. ಹಿಂದೆ ಇನ್ನೆರಡು ಬಾಕ್ಸ್ ಹಾಕಿದರೆ ಸದ್ದು ಹುಟ್ಟುವ ಜಾಗ ನಾಲ್ಕಾಗುತ್ತದೆ, ಹೀರುವವರು ಯಾರೂ ಹೆಚ್ಚಾಗುವುದಿಲ್ಲ.

ಬಾಲ ಎಷ್ಟುದ್ದ ಇದೆ ಅಂತ ಒಮ್ಮೆ ಅಳೆದು ಹೇಳಿ ಟೀಚರ್. ಹಾಲ್ ಖಾಲಿ ಇರುವಾಗ ನಡುವೆ ನಿಂತು ಜೋರಾಗಿ ಒಂದೇ ಒಂದು ಚಪ್ಪಾಳೆ ಹೊಡೆಯಿರಿ. ಪೂರ್ತಿ ಸುಮ್ಮನಾಗಲು ಎಷ್ಟು ಸೆಕೆಂಡ್ ಬೇಕು ನೋಡಿ.

ನಿವೃತ್ತ_ಮೇಷ್ಟ್ರು_ವಿಜಯಪುರ

ಮೈಕ್ ಸೆಟ್‌ನವರು ಬಹಳ ಚಲೋ ಹೇಳ್ಯಾರ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಅವರು ಹೇಳಿದ 'ಬಾಲ'ಕ್ಕೆ ಲೆಕ್ಕ ಇದೆ. ಟೀಚರ್ ಅಳತೆ ಕೊಟ್ಟಿದ್ದಾರೆ, ಹಾಗಾಗಿ ಮಾಡಿಯೇ ತೋರಿಸುತ್ತೇನೆ.

ಈ ಲೆಕ್ಕ ಹುಟ್ಟಿದ್ದೂ ನಿಮ್ಮಂಥದೇ ಒಂದು ಹಾಲ್‌ನಲ್ಲಿ. ಅಮೆರಿಕದ ಹಾರ್ವರ್ಡ್‌ನಲ್ಲಿ ಫಾಗ್ ಆರ್ಟ್ ಮ್ಯೂಸಿಯಂ ಹೊಸದಾಗಿ ಕಟ್ಟಿದಾಗ, ಅದರ ಉಪನ್ಯಾಸದ ಹಾಲ್‌ನಲ್ಲಿ ಮೇಷ್ಟ್ರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಸರಿ ಮಾಡು ಅಂತ 1895ರಲ್ಲಿ ವ್ಯಾಲೇಸ್ ಸಬೈನ್ ಅನ್ನುವ ಯುವ ಅಧ್ಯಾಪಕನಿಗೆ ಒಪ್ಪಿಸಿದರು. ಹಗಲು ಹೊರಗಿನ ಗದ್ದಲ. ಅದಕ್ಕೆ ರಾತ್ರಿ ಹೊತ್ತು ಕೆಲಸ. ಒಂದು ಆರ್ಗನ್ ಕೊಳವೆ ಊದಿಸಿ ನಿಲ್ಲಿಸುವುದು, ಸದ್ದು ಕಿವಿಗೆ ಕೇಳದಂತಾಗುವ ತನಕ ಗಡಿಯಾರದಲ್ಲಿ ಎಣಿಸುವುದು. ಖಾಲಿ ಹಾಲ್‌ನಲ್ಲಿ 5 ಸೆಕೆಂಡಿಗೂ ಜಾಸ್ತಿ ಬಂತು. ಆಮೇಲೆ ಹತ್ತಿರದ ಸ್ಯಾಂಡರ್ಸ್ ಥಿಯೇಟರ್‌ನಿಂದ ಸೀಟಿನ ದಿಂಬುಗಳನ್ನು ಹೊರಿಸಿ ತಂದು, ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಮತ್ತೆ ಮತ್ತೆ ಅಳೆದ. ಬೆಳಗಾಗುವುದರೊಳಗೆ ದಿಂಬುಗಳನ್ನು ವಾಪಸ್ ಇಡಬೇಕು. ವರ್ಷಗಟ್ಟಲೆ ಹೀಗೆ ಮಾಡಿ 1898ರಲ್ಲಿ ಸೂತ್ರ ಹಿಡಿದ. ಅದರ ಆಧಾರದ ಮೇಲೆ ಬೋಸ್ಟನ್‌ನ ಸಿಂಫನಿ ಹಾಲ್ ಕಟ್ಟಿ 1900ರಲ್ಲಿ ತೆರೆದರು. ಇವತ್ತಿಗೂ ಅದು ಸಂಗೀತಕ್ಕೆ ಹೆಸರಾದ ಹಾಲ್.

ಸೂತ್ರ ಸರಳ. ಹಾಲ್‌ನ ಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರುವ ಶಕ್ತಿಯಿಂದ ಭಾಗಿಸಿ. ಬರುವುದು ಸೆಕೆಂಡ್. ಅಂದರೆ ಸದ್ದು 60 ಡೆಸಿಬಲ್ ಇಳಿಯಲು, ಅದರ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಾಗಲು ಹಿಡಿಯುವ ಸಮಯ. ಹೀರುವ ಶಕ್ತಿ ಅಂದರೆ ಏನು? ಸಬೈನ್ ಅದಕ್ಕೆ ತೆರೆದ ಕಿಟಕಿಯನ್ನೇ ಅಳತೆ ಮಾಡಿಕೊಂಡ. ಕಿಟಕಿಗೆ ಹೋದ ದನಿ ಮರಳಿ ಬರುವುದಿಲ್ಲ, ಪೂರ್ತಿ ಹೋಯಿತು. ಹಾಗಾಗಿ ಒಂದು ಚದರ ಮೀಟರ್ ತೆರೆದ ಕಿಟಕಿ ಅಂದರೆ 1. ಸಿಮೆಂಟ್ ಗೋಡೆ, ಟೈಲ್ಸ್ ಬರೀ 0.02, 0.03. ಅಂದರೆ ನೂರರಲ್ಲಿ 97 ಪಾಲು ಸದ್ದನ್ನು ಅವು ವಾಪಸ್ ತಳ್ಳುತ್ತವೆ.

ನಿಮ್ಮ ಹಾಲ್ ಸುಮಾರು 18, 9, 4.5 ಮೀಟರ್. ಗಾತ್ರ 729 ಘನ ಮೀಟರ್. ಅದನ್ನು 0.161ರಿಂದ ಗುಣಿಸಿದರೆ 117. ನೆಲ, ತಾರಸಿ, ಗೋಡೆ ಸೇರಿ 567 ಚದರ ಮೀಟರ್. ಕಿಟಕಿ ಮುಚ್ಚಿದ್ದರೆ, ಚದರ ಮೀಟರಿಗೆ 0.03ರಂತೆ, ಹೀರುವುದು 17 ಅಷ್ಟೇ. 117 ಭಾಗಿಸು 17, ಹತ್ತಿರ ಹತ್ತಿರ 7 ಸೆಕೆಂಡ್! ಎಂಟೂ ಕಿಟಕಿ ತೆರೆದರೆ 12 ಚದರ ಮೀಟರ್ ಸೇರಿ 4 ಸೆಕೆಂಡಿಗೆ ಇಳಿಯುತ್ತದೆ. ನಿಮ್ಮ 40 ಮಕ್ಕಳು ಕೂತರೆ 3. ಒಂದು ಮಗು ಸುಮಾರು 0.3ರಷ್ಟು ಹೀರುತ್ತದೆ ಅಂತ ಹಿಡಿದಿದ್ದೇನೆ. ಬಟ್ಟೆ, ಮೈ, ಕೂದಲು ಎಲ್ಲಾ ಹೀರುತ್ತವೆ. 150 ಮಕ್ಕಳು ತುಂಬಿದರೆ 1.6 ಸೆಕೆಂಡ್. ಮಾತಿಗೆ ಬೇಕಾದದ್ದು ಒಂದು ಸೆಕೆಂಡಿಗಿಂತ ಕಡಿಮೆ. ನಾವು ಮಾತಾಡುವಾಗ ಸೆಕೆಂಡಿಗೆ ನಾಲ್ಕೈದು ಅಕ್ಷರ ಹೋಗುತ್ತವೆ. ಬಾಲ 3 ಸೆಕೆಂಡ್ ಇದ್ದರೆ ಒಂದು ಅಕ್ಷರದ ಮೇಲೆ ಅದರ ಹಿಂದಿನ ಹತ್ತಾರು ಅಕ್ಷರ ಕೂತಿರುತ್ತವೆ.

ಅರ್ಥಧಾರಿ ಕುರ್ಚಿ ಎತ್ತಿಕೊಂಡು ಕೆಳಗೆ ಬಂದರು ಅಂದಿರಲ್ಲ, ಅದಕ್ಕೂ ಲೆಕ್ಕ ಇದೆ. ಮಾತಾಡುವವನ ಬಾಯಿಂದ ನೇರ ಬರುವ ದನಿ ದೂರ ಹೋದ ಹಾಗೆ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ 6 ಡೆಸಿಬಲ್ ಇಳಿಯುತ್ತದೆ. ಗೋಡೆಯಿಂದ ಬರುವ ಗದ್ದಲ ಮಾತ್ರ ಎಲ್ಲಾ ಕಡೆ ಒಂದೇ ಮಟ್ಟ. ಯಾವ ದೂರದಲ್ಲಿ ಎರಡೂ ಸಮ ಆಗುತ್ತವೋ ಅದರಾಚೆ ಗೋಡೆಯದೇ ರಾಜ್ಯ. ನಿಮ್ಮ ಖಾಲಿ ಹಾಲ್‌ನಲ್ಲಿ ಆ ದೂರ ಒಂದು ಮೀಟರ್ ಅಷ್ಟೇ. ಒಂದು ಮೀಟರ್! ಬಾಲವನ್ನು 0.8 ಸೆಕೆಂಡಿಗೆ ತಂದರೆ ಅದು ಎರಡೂವರೆ ಮೀಟರ್ ಹತ್ತಿರ ಬರುತ್ತದೆ.

ಪ್ರತಿಧ್ವನಿ ಮತ್ತು ರಿವರ್ಬ್ ಒಂದೇ ಅಲ್ಲ, ಟೀಚರ್. ಪ್ರತಿಧ್ವನಿ ಅಂದರೆ ಬೇರೆಯಾಗಿ, ಬಿಡಿಯಾಗಿ ಕೇಳುವ ಮರುದನಿ. ದನಿ ಬೆಚ್ಚಗಿನ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ನೀವು ವೇದಿಕೆಯಲ್ಲಿ ನಿಂತಾಗ ಹಿಂದಿನ ಗೋಡೆ 18 ಮೀಟರ್ ದೂರ. ಹೋಗಿ ಬರಲು 36 ಮೀಟರ್, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಶಾಲೆಯ ಪುಸ್ತಕದಲ್ಲಿ ಪ್ರತಿಧ್ವನಿ ಬಿಡಿಯಾಗಿ ಕೇಳಲು ಬೇಕು ಅಂತ ಹೇಳುವ ಸಮಯ ಸರಿಯಾಗಿ ಅದೇ. ಹಾಗಾಗಿ ಮಾತಾಡುವಾಗ ನಿಮ್ಮದೇ ದನಿ ನಿಮಗೆ ಹಿಂದೆ ಬಂದು ತಟ್ಟುತ್ತಿರಬೇಕು, ನಾಲಿಗೆ ತಡವರಿಸುತ್ತಿರಬೇಕು.

ನಮ್ಮೂರಿನ ಗೋಳಗುಮ್ಮಟಕ್ಕೆ ಬಂದಿದ್ದರೆ ಇದು ತಕ್ಷಣ ಹೊಳೆಯುತ್ತದೆ. 1656ರಲ್ಲಿ ಮುಗಿದದ್ದು. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಮೇಲಿನ ಮೊಗಸಾಲೆಯಲ್ಲಿ ಚಪ್ಪಾಳೆ ಹೊಡೆದರೆ ಎದುರು ಗೋಡೆಗೆ ಹೋಗಿ ಬರಲು 0.22 ಸೆಕೆಂಡ್ ಬೇಕು. ಕಿವಿ ಅದನ್ನು ಎಣಿಸಬಲ್ಲದು. ಅದಕ್ಕೇ ಜನ "ಏಳು ಸಲ ಕೇಳುತ್ತದೆ" ಅನ್ನುವುದು. ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದರೆ ಎದುರಿನವರಿಗೆ ಕೇಳುವುದು ಮಾತ್ರ ಬೇರೆ ಬಗೆ. ಅಲ್ಲಿ ದನಿ ದುಂಡಗಿನ ಗೋಡೆಯನ್ನು ಹಿಡಿದುಕೊಂಡೇ ತೆವಳಿ ಹೋಗುತ್ತದೆ, ನಡುವಿನ ಬಯಲಿಗೆ ಚೆಲ್ಲುವುದಿಲ್ಲ. ಸಿ. ವಿ. ರಾಮನ್ 1920ರ ದಶಕದ ಮೊದಲಲ್ಲಿ ಈ ಪಿಸುಮಾತಿನ ಬಗ್ಗೆ ಅಧ್ಯಯನ ಮಾಡಿದಾಗ ಗೋಳಗುಮ್ಮಟವನ್ನೂ ಸೇರಿಸಿಕೊಂಡಿದ್ದರು. ನಾನು ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಹತ್ತು ಪಾಠ ಮಾಡಿದರೂ ಬಾರದ್ದು ಅಲ್ಲಿ ಒಂದು ಚಪ್ಪಾಳೆಗೆ ಬರುತ್ತಿತ್ತು.

ದುಡ್ಡಿಲ್ಲ ಅಂದಿರಿ. ನಮ್ಮ ಕಡೆ ಮನೆ ಮನೆಯಲ್ಲಿ ಕೌದಿ ಇರುತ್ತವೆ. ಹಳೇ ಸೀರೆ, ಅಂಗಿ, ಪಂಚೆ ಪದರ ಪದರವಾಗಿ ಸೇರಿಸಿ ಹೊಲಿದದ್ದು. ಸದ್ದು ಹೀರಲು ದಪ್ಪ ಇರಬೇಕು, ಒಳಗೆ ಗಾಳಿ ಆಡುವ ಸಣ್ಣ ಸಣ್ಣ ಸಂದು ಇರಬೇಕು. ಕೌದಿಯಲ್ಲಿ ಎರಡೂ ಇವೆ. ನಿಮ್ಮ ಕಡೆ ಕಂಬಳಿ ಸಿಗಬಹುದು. ಹಿಂದಿನ ಗೋಡೆಗೆ ತೂಗುಹಾಕಿ ನೋಡಿ.

ಕನ್ನಡ_ಟೀಚರ್

ಇಬ್ಬರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಓದಿ ಎರಡು ದಿನ ಇದೇ ತಲೆಯಲ್ಲಿತ್ತು.

ಹೌದು ಅಣ್ಣ, ಪ್ರತಿ ಪದದ ಮುಂದೆ "ಮುಂದಿನ ಪದ" ಅಂತ ಹೇಳುತ್ತೇನೆ. ಇಪ್ಪತ್ತು ವರ್ಷದ ಅಭ್ಯಾಸ. "ಮುಂದಿನ ಪದ ಮಳೆ." ಆ 'ದ'ದ ಬಾಲ 'ಮ' ಮೇಲೆ ಬೀಳುತ್ತಿತ್ತು ಅಂತ ಈಗ ಅರ್ಥ ಆಯಿತು. ಅದೇ ಮಕ್ಕಳಿಗೆ ಬೇರೆ 20 ಪದ ಕೊಟ್ಟೆ. "ಮುಂದಿನ ಪದ" ಅಂದು, ಮನಸ್ಸಿನಲ್ಲಿ ಮೂರು ಎಣಿಸಿ, ಆಮೇಲೆ ಪದ ಹೇಳಿದೆ. ಬೇರೇನೂ ಬದಲಿಸಲಿಲ್ಲ. ಸರಾಸರಿ 14 ಬಂತು! ಬರೀ ಸುಮ್ಮನಿದ್ದುದಕ್ಕೆ ಐದು ಪದ ಜಾಸ್ತಿ.

ಮಿಕ್ಸರ್‌ನ ಎಕೋ ಅರ್ಧಕ್ಕೆ ಏರಿಸಿತ್ತು. ಇಳಿಸಿದೆ. ಯಾರು ಏರಿಸಿದ್ದರೋ.

ಚಪ್ಪಾಳೆ ಹೊಡೆದೆ. ಶಾಲೆ ಬಿಟ್ಟ ಮೇಲೆ, ಒಬ್ಬಳೇ. ಕಿಟಕಿ ತೆರೆದಿತ್ತು. ನನ್ನ ಫೋನಿನ ಗಡಿಯಾರದಲ್ಲಿ ಮೂರೂವರೆ, ನಾಲ್ಕು ಸೆಕೆಂಡ್ ಹತ್ತಿರ ಬಂತು. ಮೇಷ್ಟ್ರು ಮನೆಯಲ್ಲಿ ಕೂತು ಲೆಕ್ಕ ಹಾಕಿದ್ದು ನಮ್ಮ ಹಾಲ್‌ನಲ್ಲಿ ಕೇಳಿಸಿದಾಗ ಮೈ ಜುಮ್ಮೆಂದಿತು. ಇನ್ನೊಂದು ವಿಚಿತ್ರ. ಪಕ್ಕದ ಗೋಡೆಗಳ ನಡುವೆ ನಿಂತು ಹೊಡೆದರೆ ಚಪ್ಪಾಳೆ ಜತೆಗೆ 'ಟರ್‌ರ್‌ರ್' ಅಂತ ಒಂದು ಸದ್ದು ಬರುತ್ತದೆ. ಸೈಕಲ್ ಚಕ್ರಕ್ಕೆ ಕಡ್ಡಿ ತಾಗಿಸಿದ ಹಾಗೆ. ಅದೇನು?

ಕೌದಿ ಇಲ್ಲಿ ಕಡಿಮೆ. ಕಂಬಳಿ ಇವೆ. ಮಕ್ಕಳಿಗೆ ಹೇಳಿದ್ದೇನೆ, ಮನೆಯಲ್ಲಿ ಉಪಯೋಗಿಸದ ಹಳೆಯವು ಇದ್ದರೆ ತನ್ನಿ ಅಂತ.

ಮೈಕ್‌ಸೆಟ್_ಶಿರಸಿ

ಟೀಚರ್, ಆ 'ಟರ್‌ರ್‌ರ್' ಬರುವುದು ಎದುರುಬದುರು ಇರುವ ಎರಡು ನುಣುಪು ಗೋಡೆಗಳ ನಡುವೆ ಚಪ್ಪಾಳೆ ಚೆಂಡಿನ ಹಾಗೆ ಓಡಾಡುವುದರಿಂದ. ಗೋಡೆಗಳ ನಡುವೆ 9 ಮೀಟರ್, ಹೋಗಿ ಬಂದರೆ 18. ಮೇಷ್ಟ್ರ 343ನ್ನು 18ರಿಂದ ಭಾಗಿಸಿ. ಸೆಕೆಂಡಿಗೆ 19 ಸಲ. ಒಂದು ಬದಿಯ ಗೋಡೆಯನ್ನು ಒರಟು ಮಾಡಿದರೂ ಸಾಕು, ಅದು ಹೋಗುತ್ತದೆ. ನಿಮ್ಮ ಲೈಬ್ರರಿ ಪುಸ್ತಕದ ಕಪಾಟುಗಳು ಎಲ್ಲಿವೆ? ಒಂದು ಪಕ್ಕದ ಗೋಡೆಗೆ ಬಾಗಿಲಿಲ್ಲದ ಕಪಾಟು ಇಟ್ಟು ಪುಸ್ತಕ ತುಂಬಿ. ಮುಂದೆ ಹಿಂದೆ ಇರುವ ಪುಸ್ತಕದ ಬೆನ್ನುಗಳು ಸದ್ದನ್ನು ಚೂರು ಚೂರು ಮಾಡಿ ಬೇರೆ ಬೇರೆ ದಿಕ್ಕಿಗೆ ಎರಚುತ್ತವೆ.

ಕಂಬಳಿಯ ವಿಷಯದಲ್ಲಿ ಒಂದು ಎಚ್ಚರ. ಗೋಡೆಗೆ ಅಂಟಿಸಿ ಮೊಳೆ ಹೊಡೆಯಬೇಡಿ. ಗೋಡೆಯಿಂದ ನಾಲ್ಕು ಬೆರಳು, ಸಾಧ್ಯ ಆದರೆ ಅರ್ಧ ಗೇಣು ಮುಂದಕ್ಕೆ ಹಗ್ಗ ಕಟ್ಟಿ, ಅದರ ಮೇಲೆ ಇಳಿಬಿಡಿ. ಚಾಚಿ ಎಳೆಯಬೇಡಿ, ನೆರಿಗೆ ಇರಲಿ. ಇದು ನಾನು ಕಲಿತದ್ದು ಸುಮ್ನೆ ಮಾಡಿ ನೋಡಿ. ಕಾರಣ ಆಮೇಲೆ ಒಬ್ಬ ಇಂಜಿನಿಯರ್ ಹೇಳಿದರು. ದನಿ ಅಂದರೆ ಗಾಳಿ ಹಿಂದೆ ಮುಂದೆ ಅಲುಗುವುದು ಅಲ್ವಾ? ಗೋಡೆಗೆ ತಾಗಿದ ಗಾಳಿ ಅಲುಗಲು ಆಗುವುದಿಲ್ಲ, ಗೋಡೆ ತಡೆದಿದೆ. ಅಲ್ಲಿ ಕಂಬಳಿ ಇಟ್ಟರೆ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಸ್ವಲ್ಪ ಮುಂದೆ ಬಂದರೆ ಗಾಳಿ ಜೋರಾಗಿ ಓಡಾಡುತ್ತದೆ. ಕಂಬಳಿಯ ಎಳೆಗಳ ನಡುವೆ ನುಗ್ಗುವಾಗ ತಿಕ್ಕಿ ಸುಸ್ತಾಗುತ್ತದೆ. ಅಲೆಯ ಉದ್ದದ ಕಾಲು ಭಾಗದಷ್ಟು ದೂರದಲ್ಲಿ ಇದು ಅತಿ ಹೆಚ್ಚು. 1000 ಹರ್ಟ್ಸ್ ಸದ್ದಿನ ಅಲೆ 34 ಸೆಂಟಿಮೀಟರ್ ಉದ್ದ, ಅದರ ಕಾಲು ಭಾಗ ಎಂಟೂವರೆ. ನಾಲ್ಕು ಬೆರಳಿನ ಲೆಕ್ಕ ಅಲ್ಲಿಂದ ಬಂದದ್ದು. 100 ಹರ್ಟ್ಸ್ ಬೇಸ್‌ನ ಅಲೆ ಮೂರು ಮೀಟರ್‌ಗೂ ಜಾಸ್ತಿ. ಅದನ್ನು ಕಂಬಳಿ ಹಿಡಿಯಲಾರದು. ಅದಕ್ಕೇ ಬೇಸ್ ತಿರುಗಣೆ ಇಳಿಸಿ ಅಂತ ಹೇಳಿದ್ದು.

ವಿದ್ಯುತ್ ವೈರು, ಸ್ವಿಚ್ ಬೋರ್ಡ್ ಹತ್ತಿರ ಮಾತ್ರ ಕಂಬಳಿ ಬರಬಾರದು.

ಸುಮಾ_ಕುಂದಾಪುರ

ನಡುವೆ ಬಂದೆ, ಕ್ಷಮಿಸಿ. ದನಿಯ ಬಗ್ಗೆ ಇಷ್ಟು ಗೊತ್ತಿರುವವರು ಸಿಕ್ಕಿದ್ದಾರೆ, ಚಿಕ್ಕಂದಿನಿಂದ ಇರುವ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಚಳಿಗಾಲದಲ್ಲಿ ಗದ್ದೆ ಕೊಯ್ಲು ಆದ ಮೇಲೆ ಆಟ ಶುರುವಾಗುತ್ತದಲ್ಲ, ಆಚೆ ಊರಿನ ಚಂಡೆ ನಮ್ಮ ಮನೆಗೆ ನಡುರಾತ್ರಿ ಪಕ್ಕದಲ್ಲೇ ಬಾರಿಸಿದ ಹಾಗೆ ಕೇಳುತ್ತದೆ. ಹಗಲು ಅದೇ ಊರಿನ ಚಂಡೆ ಕೇಳುವುದೇ ಇಲ್ಲ. ರಾತ್ರಿ ಗದ್ದಲ ಇಲ್ಲ ಅನ್ನುವುದಷ್ಟೇ ಕಾರಣವಾ?

ನಿವೃತ್ತ_ಮೇಷ್ಟ್ರು_ವಿಜಯಪುರ

ಗದ್ದಲ ಕಡಿಮೆ ಇರುವುದೂ ಒಂದು ಕಾರಣ, ಆದರೆ ಅದಕ್ಕಿಂತ ಚೆಂದದ ಕಾರಣ ಇನ್ನೊಂದು ಇದೆ. ದನಿ ಬೆಚ್ಚಗಿನ ಗಾಳಿಯಲ್ಲಿ ಬೇಗ ಹೋಗುತ್ತದೆ, ತಣ್ಣಗಿನ ಗಾಳಿಯಲ್ಲಿ ನಿಧಾನ. ಒಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರ್ ವ್ಯತ್ಯಾಸ. ಹಗಲು ನೆಲ ಕಾದು ಕೆಳಗಿನ ಗಾಳಿ ಬಿಸಿ, ಮೇಲಿನದು ತಂಪು. ಆಗ ಅಲೆಯ ಕೆಳಭಾಗ ಮುಂದೆ ಓಡುತ್ತದೆ, ಇಡೀ ಅಲೆ ಮೇಲಕ್ಕೆ ಬಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ಚಳಿಯ ರಾತ್ರಿ ಮೋಡ, ಗಾಳಿ ಇಲ್ಲದಿದ್ದರೆ ನೆಲ ತಣ್ಣಗಾಗಿ ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ. ಈಗ ಅಲೆಯ ಮೇಲ್ಭಾಗ ಮುಂದೆ ಓಡಿ, ಅಲೆ ನೆಲದ ಕಡೆಗೆ ಬಾಗುತ್ತದೆ. ಮೇಲಕ್ಕೆ ಹೋಗಬೇಕಾದ ಚಂಡೆಯ ಸದ್ದು ಬಾಗಿ ನಿಮ್ಮ ಮನೆಯ ಅಂಗಳಕ್ಕೆ ಇಳಿಯುತ್ತದೆ. ಬೆಳಗಾಗಿ ಬಿಸಿಲು ಬಿದ್ದ ಮೇಲೆ ಕೇಳಿ ನೋಡ್ರಿ, ಅದೇ ಚಂಡೆ ಮಾಯವಾಗಿರುತ್ತದೆ.

ಕನ್ನಡ_ಟೀಚರ್

ಕಂಬಳಿ ಹನ್ನೆರಡು ಬಂದವು. ಒಬ್ಬ ಹುಡುಗ ಅಜ್ಜನ ಕರಿ ಕಂಬಳಿ ತಂದಿದ್ದಾನೆ, ಇನ್ನೂ ಹೊಗೆಯ ವಾಸನೆ ಇದೆ. ಒಬ್ಬಳು ಹುಬ್ಬಳ್ಳಿಯ ಅತ್ತೆ ಕೊಟ್ಟ ಕೌದಿ ತಂದಳು. ಹಿಂದಿನ ಗೋಡೆಗೆ ಅಡ್ಡಲಾಗಿ ಎರಡು ಸಾಲು ನೈಲಾನ್ ಹಗ್ಗ ಕಟ್ಟಿ, ಅರ್ಧ ಗೇಣು ಬಿಟ್ಟು, ನೆರಿಗೆ ಬಿಟ್ಟು ಇಳಿಬಿಟ್ಟೆವು. ಲೈಬ್ರರಿಯ ಮೂರು ಕಪಾಟು ಬಲಗಡೆಯ ಗೋಡೆಗೆ ಬಂದವು. 'ಟರ್‌ರ್‌ರ್' ಅರ್ಧ ಹೋಗಿದೆ. ಕಪಾಟು ಇಲ್ಲದ ಕಡೆ ಇನ್ನೂ ಇದೆ.

ಮೇಷ್ಟ್ರೇ, ನೀವು ಹೇಳಿದ ಹಾಗೆ ವೇದಿಕೆಯಲ್ಲಿ ನನ್ನ ದನಿ ನನಗೇ ಬಂದು ತಟ್ಟುತ್ತಿತ್ತು. ಅದು ಈಗ ಇಲ್ಲ. ಮೊದಲ ವಾಕ್ಯ ಹೇಳಿದ ಕೂಡಲೇ ಗೊತ್ತಾಯಿತು.

ಮತ್ತೆ 20 ಪದ, ಅದೇ 40 ಮಕ್ಕಳು. ಈ ಸಲ ಬೇಕೆಂದೇ ನಡುವೆ ಎಣಿಸದೆ, ಹಳೆಯ ಅಭ್ಯಾಸದಂತೆ "ಮುಂದಿನ ಪದ ಹೊಳೆ" ಅಂತ ಒಂದೇ ಉಸಿರಿಗೆ ಹೇಳಿದೆ. ಮೈಕ್ ಅರ್ಧ ಗೇಣು, ಬೇಸ್ ಇಳಿಸಿ, ಬಾಕ್ಸ್ ಬಾಗಿಸಿ. ಸರಾಸರಿ 15. ನಡುವೆ ಎಣಿಸಿ ಹೇಳಿದರೆ 17. ಕೊನೆಯ ಸಾಲಿನ ಒಬ್ಬ ಹುಡುಗಿಗೆ ಕಿವಿ ಸ್ವಲ್ಪ ಮಂದ. ಮೊದಲ ಸಲ ಅವಳಿಗೆ 4 ಬಂದಿತ್ತು, ಈಗ 13.

ನಿವೃತ್ತ_ಮೇಷ್ಟ್ರು_ವಿಜಯಪುರ

ಆ 13 ನೋಡಿ ಕಣ್ಣು ತುಂಬಿತು, ಟೀಚರ್. ಕಿವಿ ಮಂದ ಇರುವವರಿಗೆ ಈ ಬಾಲ ನಮಗಿಂತ ಎಷ್ಟೋ ಹೆಚ್ಚು ಕಷ್ಟ ಕೊಡುತ್ತದೆ. ಆ ಹುಡುಗಿಯನ್ನು ಯಾವಾಗಲೂ ಮುಂದೆ ಕೂರಿಸಿ.

ಲೆಕ್ಕದ ಪ್ರಕಾರ ಈಗ 40 ಮಕ್ಕಳು ಇದ್ದಾಗ ನಿಮ್ಮದು 2 ಸೆಕೆಂಡ್ ಹತ್ತಿರ, ಹಾಲ್ ತುಂಬಿದರೆ 1.3. ಇನ್ನು ಉಳಿದದ್ದು ತಾರಸಿ. ಅಲ್ಲಿ 162 ಚದರ ಮೀಟರ್ ಬರೀ ಸಿಮೆಂಟ್ ಕೂತಿದೆ. ಹಳೆಯ ವಿದ್ಯಾರ್ಥಿಗಳು ಮತ್ತೆ ದುಡ್ಡು ಸೇರಿಸಿದರೆ, ಅದರ ಅರ್ಧಕ್ಕೆ ಸದ್ದು ಹೀರುವ, ಬೆಂಕಿ ಹತ್ತದ ಹಲಗೆ ತೂಗುಹಾಕಿಸಿ. ತುಂಬಿದ ಹಾಲ್‌ನಲ್ಲಿ 0.8ಕ್ಕೆ ಬರುತ್ತದೆ. ಇನ್ನೊಂದು ಆಂಪ್ಲಿಫಯರ್‌ಗೆ ಮಾತ್ರ ಕೊಡಬೇಡಿ.

ಮೈಕ್‌ಸೆಟ್_ಶಿರಸಿ

ಟೀಚರ್, ಮುಂದಿನ ತಿಂಗಳು ಸಾಗರದ ಕಡೆ ಒಂದು ಮದುವೆಗೆ ಸೆಟ್ ತರುವುದಿದೆ. ಎರಡು ಕಾಲಮ್ ಸ್ಪೀಕರ್ ನನ್ನ ಹತ್ತಿರ ಖಾಲಿ ಇವೆ. ಮಾರನೇ ದಿನ ನಿಮ್ಮ ಹಾಲ್‌ನಲ್ಲಿ ಕಟ್ಟಿ ಕೊಡುತ್ತೇನೆ, ಬಾಡಿಗೆ ಬೇಡ. 20 ಪದ ತೆಗೆದಿಡಿ. ಈ ಸಲ ಹಿಂದಿನ ಸಾಲಿನಲ್ಲಿ ಮಕ್ಕಳ ಜತೆ ನಾನೂ ಸ್ಲೇಟ್ ಹಿಡಿದು ಕೂತು ಬರೆಯುತ್ತೇನೆ.